ಮಾಳಿಗೆಯ ಮೇಲೆ ಕಟ್ಟಿದ ಗೋಡೆ

ನನ್ನ ತವರು ಅಫಜಲಪುರ ತಾಲ್ಲೂಕಿನ ಕರಜಗಿಯ ಕಡೆ. ಅಲ್ಲಿ ಮನೆಗೊಂದು ಅಂಗಳ, ಅಂಗಳಕ್ಕೊಂದು ಬೇಲಿ, ಬೇಲಿಯಾಚೆ ಕಬ್ಬು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನುವಷ್ಟು ಹತ್ತಿರ ಯಾರೂ ಇರಲಿಲ್ಲ. ಮದುವೆಯಾಗಿ ಆಳಂದ ತಾಲ್ಲೂಕಿನ ಈ ಊರಿಗೆ ಬಂದಾಗ ನನಗೆ ವಿಚಿತ್ರ ಎನಿಸಿದ್ದು ಇಲ್ಲಿಯ ಮಾಳಿಗೆಗಳು. ನರೋಣಾ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಬೆನ್ನು ಹಚ್ಚಿ ಕುಳಿತಿವೆ. ಕಲ್ಲಿನ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಚಪ್ಪಟೆ ಮಣ್ಣಿನ ಮಾಳಿಗೆ. ಒಂದು ಮನೆಯ ಮಾಳಿಗೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯದು. ಓಣಿಯ ಈ ತುದಿಯಲ್ಲಿ ಹತ್ತಿದವಳು ನೆಲಕ್ಕೆ ಕಾಲಿಡದೆ ಆ ತುದಿಯಲ್ಲಿ ಇಳಿಯಬಹುದಿತ್ತು. ಹೆಪ್ಪಿನ ಮಜ್ಜಿಗೆ, ಸುದ್ದಿ, ಜಗಳ ಎಲ್ಲವೂ ಮೇಲಿನಿಂದಲೇ ಓಡಾಡುತ್ತಿದ್ದವು.

ಪ್ರತಿ ಅಡುಗೆಮನೆಯ ಮೇಲೂ ಒಂದು ಬೆಳಕಿಂಡಿ. ಬೆಳಕು ಬೀಳಬೇಕು, ಹೊಗೆ ಹೋಗಬೇಕು. ಮಳೆ ಬಂದರೆ ಮೇಲೊಂದು ಫರಸಿ ಕಲ್ಲು ಎಳೆದರಾಯಿತು. ಆ ಕಿಂಡಿಯಲ್ಲಿ ಬಗ್ಗಿ ಮಾತಾಡಿಸುವುದು ಇಲ್ಲಿಯ ರೂಢಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊಸ ಸೊಸೆ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆ. ನೆತ್ತಿಯ ಮೇಲಿಂದ ದನಿ ಬಂತು: "ಅಂಚು ದಪ್ಪ ಆಗ್ಯಾವ್ ನೋಡು ಬೇ, ಇನ್ನಾ ಜರಾ ತಟ್ಟು." ನಾನು ಬೆಚ್ಚಿ ಹಿಟ್ಟಿನ ಪರಾತವನ್ನೇ ಉರುಳಿಸಿದೆ. ಮೇಲೆ ನೋಡಿದರೆ ಬಿಳಿ ಕೂದಲಿನ, ಹಣೆಗೆ ವಿಭೂತಿ ಬಳಿದ ಒಂದು ಮುಖ ಕಿಂಡಿಯ ತುಂಬ ನಗುತ್ತಿತ್ತು.

ಅದು ಪಕ್ಕದ ಮನೆಯ ಆಯಿ. ಓಣಿಯ ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. ನಮ್ಮದೂ ಅವರದೂ ಅಣ್ಣತಮ್ಮಂದಿರ ಮನೆಗಳು. ಹಿರಿಯರ ಕಾಲದಲ್ಲಿ ಒಂದೇ ಇದ್ದದ್ದು ಪಾಲಾಗಿ ಎರಡಾಯಿತು. ಪಾಲಿನಲ್ಲಿ ಮಾಳಿಗೆಗೆ ಹತ್ತುವ ಮೆಟ್ಟಿಲು ನಮ್ಮ ಅಂಗಳಕ್ಕೆ ಬಂತು. ಹಾಗಾಗಿ ಆಯಿ ದಿನಾ ಬೆಳಿಗ್ಗೆ ಮಗ ಸೊಸೆ ಹೊಲಕ್ಕೆ ಹೋದ ಮೇಲೆ ನಮ್ಮ ಮನೆಗೆ ಬಂದು, ನಮ್ಮ ಮೆಟ್ಟಿಲು ಹತ್ತಿ, ತಮ್ಮ ಮಾಳಿಗೆಗೆ ಹೋಗಿ, ಹಳೆಯ ಸೀರೆಯ ನೆರಳು ಕಟ್ಟಿಕೊಂಡು ಕೂಡುತ್ತಿದ್ದರು. ಮೆಣಸಿನಕಾಯಿ ಒಣಗಿಸುವುದು, ಸಂಡಿಗೆಗೆ ಕೂತ ಕಾಗೆ ಓಡಿಸುವುದು ನೆಪ. ಅಲ್ಲಿಂದ ನರೋಣಾ ರಸ್ತೆಯ ತಿರುವು, ಹಾಳುಬಿದ್ದ ಹುಡೆಯ, ಅಂದರೆ ಹಳೆಯ ಕಾವಲು ಬುರುಜಿನ ಬುಡ, ಓಣಿಯ ಎರಡೂ ಬಾಯಿ ಕಾಣುತ್ತಿದ್ದವು.

ಹೊಲಕ್ಕೆ ಹೊರಟವರು ಕೆಳಗಿನಿಂದಲೇ ಕೂಗಿ ಹೇಳುತ್ತಿದ್ದರು: "ಆಯೀ, ಹೋಗಿ ಬರ್ತೇವ್ರಿ, ಮನಿ ಕಡಿ ನದರ್ ಇರ್ಲಿ." ಬೀಗ ಹಾಕಿದವರ ಕೀಲಿಕೈ ಆಯಿಯ ಸೆರಗಿನ ಗಂಟಿಗೆ ಸೇರುತ್ತಿತ್ತು. ನಮ್ಮದೂ ಅದರಲ್ಲಿರುತ್ತಿತ್ತು. ಓಣಿಗೆ ಅಪರಿಚಿತ ಕಾಲಿಟ್ಟರೆ ಮೇಲಿಂದ ಪ್ರಶ್ನೆ ಇಳಿಯುವುದು: "ಯಾರ ಮನಿಗಿ ಬಂದೀಯಪಾ? ಯಾವ ಊರು?" ಆ ದನಿ ಓಣಿಯ ಕೊನೆಯ ಮನೆಯ ಒಲೆಯ ತನಕ ಮುಟ್ಟುತ್ತಿತ್ತು. ಒಮ್ಮೆ ಕಂಬಳಿ ಮಾರುವವನೊಬ್ಬ ಬಂದ. ಆಯಿ ಅವನ ಊರು ಕೇಳಿದರು, ತಾಯಿಯ ತವರು ಕೇಳಿದರು, ಎಷ್ಟು ಮಕ್ಕಳು, ಯಾರಿಗೆ ಯಾವ ಜಡ್ಡು ಎಲ್ಲ ಕೇಳಿದರು. ಕೊನೆಗೆ, "ಉಂಡೀಯೋ ಇಲ್ಲೋ?" ಎಂದು ಕೇಳಿ, ಬೆಳಕಿಂಡಿಯಲ್ಲಿ ಬಗ್ಗಿ ನನಗೆ ರೊಟ್ಟಿ ಪಲ್ಯ ಕೊಡಲು ಹೇಳಿದರು. ನನಗೆ ರೇಗಿತ್ತು. ನಾನು ಪಾಠ ಹೇಳುವ ಶಾಲೆಗೆ ಬಸ್ಸು ಹಿಡಿಯುವ ಹೊತ್ತಿನಲ್ಲಿ ಇದೊಂದು ದಾಸೋಹ. ಸಂಜೆ ಬಂದು ಜಗಳ ತೆಗೆದೆ.

"ಗುರ್ತಿಲ್ಲದವ್ರಿಗಿ ಉಣ್ಣಾಕ ಹಾಕಿದ್ರ ನಾಳಿ ಕಳ್ಳನೂ ಬರ್ತಾನ್ರಿ ಆಯಿ."

"ಕಳ್ಳ ಇದ್ದಾಂವ ಇಷ್ಟ್ ಮಾತು ತಡೀತಾನೇನ್ ಬೇ? ಎರಡನೇ ಮಾತಿಗೇ ಕಾಲ್ ಕೀಳ್ತಾನ. ಇಂವ ಕುಂತು ಉಂಡ."

ಆಗ ನಾನು ಸೊಟ್ಟ ಮೋರೆ ಮಾಡಿ ಒಳಗೆ ಹೋಗಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅತ್ತೆ ಹೇಳುತ್ತಿದ್ದುದು ಸುಳ್ಳಲ್ಲ. ಆಯಿಯ ಕಣ್ಣು ಕೆಲವೊಮ್ಮೆ ಬೇಸರ ತರಿಸುತ್ತಿತ್ತು. ಬಸ್ಸಿಳಿದು ಬರುವಾಗ ಕೈಯಲ್ಲಿ ಹೊಸ ಚೀಲ ಕಂಡರೆ ಒಳಗೇನಿದೆ ಎಂದು ಹೇಳುವ ತನಕ ಬಿಡುತ್ತಿರಲಿಲ್ಲ. ಆದರೆ ಆ ವರ್ಷಗಳಲ್ಲಿ ನಮ್ಮ ಓಣಿಯಲ್ಲಿ ಒಂದು ಕೋಳಿಯೂ ಕಳೆದಿರಲಿಲ್ಲ.

ಕಳವಾದದ್ದು ತೊಗರಿ ಕೊಯ್ಲಿನ ಕಾಲದಲ್ಲಿ, ಹಾಡುಹಗಲಿನಲ್ಲಿ. ಜೇವರ್ಗಿ ಕಡೆಯ ಹಳ್ಳಿಯಲ್ಲಿದ್ದ ಆಯಿಯ ತಮ್ಮ ತೀರಿಕೊಂಡಿದ್ದರು. ಆಯಿ, ಅವರ ಮಗ, ಸೊಸೆ ಎಲ್ಲ ಮಣ್ಣಿಗೆ ಹೋಗಿದ್ದರು. ನಮ್ಮ ಮನೆಯವರು ಹೊಲದಲ್ಲಿ, ನಾನು ಶಾಲೆಯಲ್ಲಿ. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಕಳ್ಳ ಹುಡೆಯ ಕಡೆಯಿಂದ ಹತ್ತಿ, ಮಾಳಿಗೆಯ ಮೇಲೆ ನಡೆದು ಬಂದು, ಫರಸಿ ಕಲ್ಲು ಸರಿಸಿ, ನಮ್ಮ ಬೆಳಕಿಂಡಿಯಲ್ಲಿ ಹಗ್ಗ ಇಳಿಬಿಟ್ಟಿದ್ದ. ಕಿಂಡಿಯ ಅಂಚಿನ ಮಸಿಯಲ್ಲಿ ಅವನ ಕೈ ಮೂಡಿತ್ತು. ತೀರಿಕೊಂಡಿದ್ದ ಅತ್ತೆಯ ಬೋರಮಾಳ, ಓರಗಿತ್ತಿಯ ಬಳೆ, ನನ್ನ ಎರಡು ಉಂಗುರ ಹೋದವು. ಜೊತೆಗೆ ಮಾವನವರ ಬೆಳ್ಳಿಯ ಕರಡಿಗೆಯೂ ಹೋಯಿತು. ಮಾವ ಜೀವವಿರುವ ತನಕ ಎದೆಯ ಮೇಲೆ ಲಿಂಗ ಕಟ್ಟಿಕೊಂಡಿದ್ದ ಕರಡಿಗೆ ಅದು. ನನ್ನ ಗಂಡನ ಅಣ್ಣ, ನಮ್ಮ ಭಾವನವರು, ಬಂಗಾರ ಹೋದದ್ದಕ್ಕೆ ಬಾಯಿ ಮಾಡಿದರು. ಕರಡಿಗೆ ಇಟ್ಟಿದ್ದ ಖಾಲಿ ಗೂಡು ನೋಡಿ ಮಾತ್ರ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು.

ಪೊಲೀಸರು ಬಂದರು, ಬರೆದುಕೊಂಡರು. ವಾರದಲ್ಲಿ ಊರ ಕಟ್ಟೆಯ ಮೇಲೆ ಒಂದು ಸಭೆಯೂ ಆಯಿತು. ತಲೆ ನರೆತ ಒಬ್ಬ ಹವಾಲ್ದಾರರು ನಿಂತು ನಮ್ಮ ಮಾತಿನಲ್ಲೇ ತಿಳಿಸಿ ಹೇಳಿದರು. "ಹಗಲಾದ್ರೂ ಬಾಗಲಾ ಹಾಕ್ಕೋರಿ. ಬಂಗಾರ ಲಾಕರಿನ್ಯಾಗ ಇಡ್ರಿ. ಮಾಳಿಗಿ ಮ್ಯಾಲಿನ ಕಿಂಡಿ ಬಂದೋಬಸ್ತ್ ಮಾಡ್ರಿ. ಊರಿಗಿ ಹೋಗೂವಾಗ ಬಾಜೂದವ್ರಿಗಿ ಹೇಳಿ ಹೋಗ್ರಿ. ಒಬ್ಬರ ಮನಿ ಮ್ಯಾಲ ಒಬ್ಬರು ಲಕ್ಷ್ಯ ಇಡ್ರಿ, ನಾವು ಇಪ್ಪತ್ತ್ ಊರಿಗಿ ಒಬ್ಬರಿರ್ತೇವಿ." ಒಳ್ಳೆಯ ಮಾತೇ. ಆದರೆ ನಮ್ಮವರ ಕಿವಿಗೆ ಬಾಗಿಲು ಹಾಕುವ ಮಾತು ಬಿದ್ದಷ್ಟು ಬಾಜೂದವರ ಮಾತು ಬೀಳಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಭಾವನವರೇ ಮುಂದಾದರು. ಮಾಳಿಗೆಗಳ ನಡುವೆ ಎದೆಮಟ್ಟ ಇಟ್ಟಂಗಿಯ ಗೋಡೆ ಎದ್ದಿತು. ಗೋಡೆಯ ನೆತ್ತಿಯ ಮೇಲೆ ಹಸಿ ಸಿಮೆಂಟಿನಲ್ಲಿ ಒಡೆದ ಬಾಟಲಿಯ ಚೂರು ನೆಟ್ಟರು. ಎರಡೂ ಮನೆಯ ಬೆಳಕಿಂಡಿಗಳಿಗೆ ಕಬ್ಬಿಣದ ಜಾಳಿಗೆ ಬಂತು. ಅದರ ಕಾಲುಗಳನ್ನು ಸಿಮೆಂಟಿನಲ್ಲಿ ಹೂತರು. ಹಳೆಯ ಸಾಗುವಾನಿ ಬಾಗಿಲಿಗೆ ಮರದ ಅಗಳಿ ಮೊದಲೇ ಇತ್ತು. ಗೋಡೆಯಿಂದ ಗೋಡೆಗೆ ಅಡ್ಡ ಸರಿಯುವ ತೊಲೆ ಅದು. ಜೊತೆಗೆ ಕಬ್ಬಿಣದ ಸರಳೂ ಬಂತು. ಒಬ್ಬರು ಮಾಡಿಸಿದ್ದು ನೋಡಿ ಇನ್ನೊಬ್ಬರು. ಎರಡು ತಿಂಗಳಲ್ಲಿ ನಮ್ಮ ಮೇಲಿನ ಓಣಿ ಕೊಟ್ಟಿಗೆಗಳ ಸಾಲಿನಂತೆ ತುಂಡುತುಂಡಾಯಿತು. ಹೆಂಗಸರು ನಾವು ಗೊಣಗಿದೆವು. ನಾನಂತೂ ಭಾವನವರಿಗೆ ಬಾಯಿಬಿಟ್ಟೇ ಹೇಳಿದೆ. "ನಿಮಗ ಬಂಗಾರ ಹೋಗ್ಯದ ಅಂತ ಸಿಟ್ಟಿಲ್ಲೇನ್ ಯವ್ವಾ?" ಎಂದು ಅವರು ಕೇಳಿದರು. ಸಿಟ್ಟು ನನಗೂ ಇತ್ತು.

ಆಯಿ ಒಂದು ದಿನ ಬಂದು ಮೆಟ್ಟಿಲು ಹತ್ತಿದರು. ಗೋಡೆಯ ಈಚೆ ನಮ್ಮ ಮಾಳಿಗೆ, ಆಚೆ ಅವರದು. ಇಟ್ಟಂಗಿಯ ಮೇಲೆ ಅಂಗೈ ಇಟ್ಟು ನೋಡಿದರು.

"ಕಳ್ಳ ಬರ್ಲಾರ್ದಂಗ ಮಾಡೀರಿ, ಛಲೋ ಆತು. ನಾ ಯಾ ಕಡಿಯಿಂದ ಬರ್ಲೋ ತಮ್ಮಾ?"

"ಈ ವಯಸ್ಸಿನ್ಯಾಗ ನೀವ್ಯಾಕ ಬಿಸಲಾಗ ಕುಂದರ್ತೀರಿ ಆಯಿ? ಮನ್ಯಾಗ ಬಾಗಲಾ ಹಾಕ್ಕೊಂಡು ಆರಾಮ ಇರ್ರಿ" ಎಂದರು ಭಾವನವರು. ಪ್ರೀತಿಯಿಂದಲೇ ಅಂದದ್ದು. ಮುಂದುವರಿದು, ಇನ್ನು ಕೀಲಿಕೈ ನಾವೇ ಇಟ್ಟುಕೊಳ್ಳುತ್ತೇವೆ, ನಿಮಗ್ಯಾಕೆ ಜವಾಬ್ದಾರಿ ಎಂದೂ ಅಂದರು. ಆಯಿ ಸೆರಗಿನ ಗಂಟು ಬಿಚ್ಚಿ, ನಮ್ಮ ಕೀಲಿಕೈ ಯಾವುದೆಂದು ಬೆರಳಿನಿಂದಲೇ ಗುರುತಿಸಿ, ಕೆಳಗಿಳಿದು ಹೊಸ್ತಿಲ ಮೇಲಿಟ್ಟು ಹೋದರು. ಆ ಕಡೆ ಈ ಕಡೆಯವರೂ ಒಬ್ಬೊಬ್ಬರಾಗಿ ತಮ್ಮ ತಮ್ಮದು ತೆಗೆದುಕೊಂಡರು. ಯಾರೂ ಅವರ ಮೇಲೆ ಸಂಶಯಪಟ್ಟಿರಲಿಲ್ಲ. ಆದರೂ ಅಂದು ಆಯಿಯ ಮೋರೆ ಸಣ್ಣದಾಗಿದ್ದು ನಾನು ಕಂಡೆ.

ಆಮೇಲೆ ಒಂದು ವರ್ಷ ಆಯಿ ಒಳಗೇ ಉಳಿದರು. ಮಗ ಸೊಸೆ ಹೊಲಕ್ಕೆ ಹೊರಟಾಗ ಒಳಗಿಂದ ಅಗಳಿ ಹಾಕಿಕೊಂಡು, ಅವರು ಬಂದು ದನಿ ಮಾಡಿದಾಗ ತೆಗೆಯುವುದು. ನಡುವೆ ಯಾರಾದರೂ ಬಾಗಿಲು ಬಡಿದರೆ, "ಯಾರು?" ಎನ್ನುವ ಪ್ರಶ್ನೆ ಮರದ ಹಿಂದಿನಿಂದ ಬರುತ್ತಿತ್ತು. ಮಾಳಿಗೆಯಿಂದ ಕೂಗಿದ ದನಿ ಅದೇ ಎಂದು ನಂಬುವುದು ಕಷ್ಟವಾಗಿತ್ತು. ಓಣಿಯಲ್ಲಿ ಈಗ ಯಾರು ಬಂದರು, ಯಾರು ಹೋದರು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕಳವೂ ಆಗಲಿಲ್ಲ ಎನ್ನಿ. ಭಾವನವರು ಅದನ್ನೇ ಹೇಳಿ ಮೀಸೆ ತಿರುವುತ್ತಿದ್ದರು.

ಮರುವರ್ಷದ ತೊಗರಿ ರಾಶಿಯ ಹೊತ್ತು. ಭಾನುವಾರ. ಎರಡೂ ಮನೆಯವರು ಹೊಲದಲ್ಲಿದ್ದರು. ನಾನು ಮನೆಯಲ್ಲಿ ಬಟ್ಟೆ ಒಗೆದು ಅಡುಗೆಮನೆಗೆ ಬಂದೆ. ನಡುಗೋಡೆಯ ಆಚೆಯಿಂದ ಠಣ್ ಎಂಬ ಸಪ್ಪಳ. ಹಿತ್ತಾಳೆ ತಂಬಿಗೆಯನ್ನು ಕಲ್ಲಿಗೆ ಬಡಿದ ಸಪ್ಪಳ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ತಂಬಿಗೆ ಬೆಳಗುವವರು ಹಾಗೆ ಬಡಿಯುವುದಿಲ್ಲ. ನಾನು ಗೋಡೆಗೆ ಬಾಯಿ ಹಚ್ಚಿ, "ಆಯೀ" ಎಂದೆ. ಉತ್ತರವಿಲ್ಲ, ಇನ್ನೊಂದು ಠಣ್.

ಓಡಿಹೋಗಿ ಅವರ ಬಾಗಿಲು ಬಡಿದೆ. ಆ ಬಾಗಿಲು ಅಲುಗಲಿಲ್ಲ. ಎದುರು ಮನೆಯ ಇಬ್ಬರು ಹೆಂಗಸರು ಬಂದು ಭುಜ ಹಚ್ಚಿದರು. ನಾನು ಭಾವನವರಿಗೆ, ಆಯಿಯ ಮಗನಿಗೆ, ಆಂಬುಲೆನ್ಸಿಗೆ ಫೋನು ಮಾಡುತ್ತಲೇ ಮೆಟ್ಟಿಲು ಹತ್ತಿದೆ. ಗಾಜಿನ ಚೂರಿನ ಮೇಲೆ ಮಡಿಸಿದ ಕೌದಿ ಎಸೆದು ಆಚೆ ದಾಟಿದೆ. ಕೌದಿಯನ್ನೂ ದಾಟಿ ಗಾಜು ಅಂಗೈ ಸೀಳಿತು, ಅದರ ಗುರುತು ಇನ್ನೂ ಇದೆ. ಬೆಳಕಿಂಡಿಯ ಫರಸಿ ಸರಿಸಿ ಬಗ್ಗಿದೆ.

ಕೆಳಗೆ ಒಲೆಯ ಪಕ್ಕದಲ್ಲಿ, ಗೋಡೆಗೆ ತಲೆ ಆನಿಸಿ ಆಯಿ ಮಲಗಿದ್ದರು. ಜಾಳಿಗೆಯ ನೆರಳು ಅವರ ಮೈಮೇಲೆ ಬಿದ್ದಿತ್ತು. ಬೆವರಿನಿಂದ ವಿಭೂತಿ ಅಳಿಸಿತ್ತು. ಕಣ್ಣು ಮಾತ್ರ ಮೇಲೆಯೇ ನೋಡುತ್ತಿದ್ದವು.

"ಬಂದ್ಯಾ ಬೇ" ಎಂದರು. "ಎದಿ ಮ್ಯಾಲ ಬೀಸೂಕಲ್ಲ ಇಟ್ಟಂಗ ಆಗ್ಯದ."

"ಅಗಳಿ ತೆಗೀಲಾಕ ಆಗ್ತದೇನ್ರಿ ಆಯಿ?"

"ಕೈ ಏಳವಲ್ದು."

ಜಾಳಿಗೆಯನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ಭಾವನವರು ಮಾಡಿಸಿದ ಕೆಲಸ. ಅದು ಯಾಕೆ ಅಲುಗುತ್ತದೆ? ನನ್ನ ಅಂಗೈಯ ರಕ್ತ ತೊಟ್ಟಿಕ್ಕಿ ಅವರ ಸೀರೆಯ ಅಂಚಿಗೆ ಬಿತ್ತು. ಆಯಿ ಅದನ್ನು ನೋಡಿ, "ಕೈಗಿ ಅರಿಬಿ ಸುತ್ಕೋ ಮೊದ್ಲ" ಎಂದರು. ನೀರು ಬೇಕೆಂದರು. ಎದುರು ಮನೆಯವಳು ಮೆಟ್ಟಿಲು ಹತ್ತಿ ಗೋಡೆಯ ಮೇಲಿಂದ ಕೊಟ್ಟ ತಂಬಿಗೆಯ ನೀರಿನಲ್ಲಿ ಅರಿವೆ ತೋಯಿಸಿ, ದಾರ ಕಟ್ಟಿ ಸರಳುಗಳ ನಡುವಿನಿಂದ ಇಳಿಬಿಟ್ಟೆ. ಅದು ಅವರ ಗದ್ದಕ್ಕೆ, ಕೆನ್ನೆಗೆ ತಾಗಿ ಕೊನೆಗೆ ತುಟಿಗೆ ಬಂತು. ಅವರು ಅದನ್ನು ಹೀರಿದರು. ಇಷ್ಟು ಹತ್ತಿರ ಕಾಣುತ್ತಿದ್ದವರನ್ನು ಮುಟ್ಟಲು ನನಗೆ ಆಗಲಿಲ್ಲ.

ಗಂಡಸರು ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದರು. ಆಯಿಯ ಮಗ ಬಾಗಿಲಿಗೆ ಕೊಡಲಿ ಹಾಕಿದ. ಸಾಗುವಾನಿ ಸೀಳಿತು, ಹಿಂದಿನ ಅಗಳಿ, ಸರಳು ಜಗ್ಗಲಿಲ್ಲ. ಭಾವನವರು ಹಾರೆ ಹಿಡಿದು ಮೇಲೆ ಬಂದರು. ಜಾಳಿಗೆಯ ಕಾಲಿಗೆ ಹಾರೆ ಕೊಟ್ಟು ಮೀಟಿದರೆ ಸಿಮೆಂಟಿನ ಜೊತೆ ಹಳೆಯ ಮಣ್ಣು ಉದುರಿ ಆಯಿಯ ಮೇಲೆ ಬೀಳತೊಡಗಿತು. ಇನ್ನೊಂದು ಏಟಿಗೆ ಜಂತಿ ಜಾರಿದರೆ ಮಾಳಿಗೆಯೇ ಅವರ ಮೇಲೆ ಕೂಡುತ್ತದೆ. ಭಾವನವರು ಹಾರೆ ಎತ್ತಿದವರು ಹಾಗೆಯೇ ನಿಂತರು.

ಕೆಳಗಿಂದ ಆಯಿ ಮಾತಾಡಿದರು, ಒಂದೊಂದೇ ಮಾತು ಬಿಡಿಸಿ. "ಬಾಗಲಾ ಯಾಕ ಕೆಡಸ್ತೀರಿ. ನಿಮ್ಮ ಅಡಗಿ ಮನಿಯಾಗ ಗೂಡ ಅದಲ್ಲ, ಅಲ್ಲಿ ಹೊಡೀರಿ. ಮೊದ್ಲ ಅಲ್ಲಿ ಬಾಗಲಾ ಇತ್ತು. ಪಾಲಾದಾಗ ಮುಚ್ಚ್ಯಾರ. ಹಸಿ ಇಟ್ಟಂಗಿ ಅದ, ಕಲ್ಲಲ್ಲ."

ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ; ಪಾಲಾದಾಗ ಭಾವನವರು ಇನ್ನೂ ಕೈಗೂಸು. ಭಾವನವರು ಮೆಟ್ಟಿಲನ್ನು ಬಿದ್ದೂ ಎದ್ದೂ ಇಳಿದು ಹೋದರು. ನನ್ನ ಅಡುಗೆಮನೆಯ ಗೂಡಿನ ಮೇಲೆ ಹಾರೆ, ಗುದ್ದಲಿ ಬೀಳುವ ಸಪ್ಪಳ ಶುರುವಾಯಿತು. ಕಳ್ಳರು ಗೋಡೆಗೆ ಕನ್ನ ಹಾಕುತ್ತಾರೆ ಎಂದು ಕೇಳಿದ್ದೆ. ಮನೆಯವರೇ ಮನೆಯವರ ಗೋಡೆಗೆ ಕನ್ನ ಹಾಕಿದ್ದನ್ನು ಅಂದು ಕೇಳಿಸಿಕೊಂಡೆ.

ನಾನು ಮೇಲೆಯೇ ಕುಳಿತೆ. ಆಯಿಯನ್ನು ಮಾತಾಡಿಸುತ್ತಲೇ ಇರಬೇಕು ಎನಿಸಿತು. "ಆ ಬಾಗಲಾ ಹ್ಯಾಂಗಿತ್ರಿ ಆಯಿ?" ಎಂದೆ.

"ಸಣ್ಣದಿತ್ತು. ಬಗ್ಗಿ ಹೋಗ್ಬೇಕು. ನಾನೂ ನಿಮ್ಮತ್ತಿನೂ ಒಂದೇ ವರ್ಷ ಬಂದವ್ರು." ಉಸಿರು ತಿರುಗಿಸಿಕೊಂಡರು. "ಅಕಿ ಹಡದಾಗ ನಾ ಹೋಗಿ ಕುಂತೆ, ನಾ ಹಡದಾಗ ಅಕಿ ಬಂದ್ಲು. ಮುಚ್ಚಿದ ದಿನ ಇಬ್ಬರೂ ಅತ್ತೇವಿ. ಗಂಡಸರು ಕೇಳ್ಲಿಲ್ಲ."

"ಈಗ ತೆಗಿಲಾಕತ್ತಾರ್ರಿ ಆಯಿ. ಇನ್ನಾ ಜರಾ ತಡೀರಿ."

"ಹೂಂ" ಎಂದರು. "ಕೇಳ್ಸಾಕತ್ತದ."

ಆಮೇಲೆ ನಾನು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದರು. ಸೊಸೆ ಹೊಲದಿಂದ ಹೊರಟಿದ್ದಾಳೆ ಎಂದೆ, ಆಂಬುಲೆನ್ಸ್ ನರೋಣಾ ದಾಟಿದೆ ಎಂದೆ. ದಾಟಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೋಡೆಯಲ್ಲಿ ಬೊಗಸೆಯಷ್ಟು ತೂತು ಬಿತ್ತು, ನಮ್ಮ ಅಡುಗೆಮನೆಯ ಬೆಳಕು ಅವರ ನೆಲಕ್ಕೆ ಬಿತ್ತು. "ಆಯೀ, ನೋಡ್ರಿ, ಬಿತ್ತು" ಎಂದೆ. ಹೂಂ ಬರಲಿಲ್ಲ. ಇನ್ನೊಮ್ಮೆ ಕರೆದೆ. ಕಣ್ಣು ನನ್ನ ಕಡೆಗೇ ಇದ್ದವು, ಅವು ನನ್ನನ್ನು ನೋಡುತ್ತಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಆಗಷ್ಟೇ ಬಂದಿದ್ದ ಸೊಸೆ ತೆಳ್ಳಗಿನ ಹೆಂಗಸು. ತೂತು ಭುಜ ಹಿಡಿಯುವಷ್ಟು ದೊಡ್ಡದಾಗುತ್ತಲೇ, ಇನ್ನೂ ಒಡೆಯುತ್ತಿದ್ದ ಗಂಡಸರನ್ನು ಸರಿಸಿ ಅದರಲ್ಲಿ ನುಸುಳಿದಳು. ಮೈಯೆಲ್ಲ ಮಣ್ಣು. ತೆವಳಿ ಹೋಗಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಯತ್ತೀ, ಬಂದ್ನಿ, ಬಂದೇನಿ ನೋಡ್ರಿ" ಎಂದು ಗಲ್ಲ ತಟ್ಟತೊಡಗಿದಳು. ಅವಳಿಗಿಂತ ಮೊದಲೇ ನನಗೆ ಗೊತ್ತಾಗಿತ್ತು. ಸರಳು ಹಿಡಿದುಕೊಂಡು ಅಳುತ್ತ ಕುಳಿತೆ.

ಮಗ ತೂತಿನಿಂದ ಹೋಗಿ ಒಳಗಿಂದ ಅಗಳಿ ಸರಿಸಿದಾಗ ಆ ಬಾಗಿಲು ಎಷ್ಟು ಸಲೀಸಾಗಿ ತೆರೆಯಿತು ಎಂದರೆ, ಹೊರಗೆ ನಿಂತವರೆಲ್ಲ ತಲೆ ತಗ್ಗಿಸಿದರು. ಬಂದ ಡಾಕ್ಟರು, ಹೃದಯಾಘಾತ, ಬೇಗ ಸಿಕ್ಕಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು. ಹಾಗೆಂದದ್ದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಸಂಜೆ ಆಯಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಅದೇ ಸೀಳಿದ ಬಾಗಿಲಿನಿಂದ ಹೊರಗೆ ತಂದರು. ಭಾವನವರು ಹೆಗಲು ಕೊಟ್ಟರು, ಮಣ್ಣು ಕೊಟ್ಟರು. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ತಂದೆಯ ಕರಡಿಗೆ ಕಳೆದುಕೊಂಡ ಮನುಷ್ಯ ಅವರು ಎಂಬುದನ್ನೂ ನಾನು ಮರೆತಿಲ್ಲ. ಎರಡನ್ನೂ ಹೊತ್ತುಕೊಂಡೇ ಅವರಿಗೆ ದಿನಾ ಊಟ ಬಡಿಸುತ್ತೇನೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಭಾವನವರು ಗೌಂಡಿಯನ್ನು ಕರೆತಂದರು. ನನ್ನ ಅಡುಗೆಮನೆಯ ಗೋಡೆಯಲ್ಲಿ ಆ ತೂತು ಬಾಯಿ ತೆರೆದುಕೊಂಡೇ ಇತ್ತು. ಎರಡೂ ಕಡೆಯಿಂದ ಹಳೆಯ ಸೀರೆ ಇಳಿಬಿಟ್ಟಿದ್ದೆವು. ಗೌಂಡಿ ಸಿಮೆಂಟು ಕಲಸಿ ಮೊದಲ ಇಟ್ಟಂಗಿ ಕೈಗೆತ್ತಿಕೊಂಡ. ಆ ಬದಿಯಿಂದ ಸೀರೆ ಸರಿಸಿ ಆಯಿಯ ಸೊಸೆ ಬಂದಳು. ಭಾವನವರ ಎದುರು ಎಂದೂ ದನಿ ಎತ್ತದವಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತೂತಿನ ನಡುವೆ ಕುಳಿತುಬಿಟ್ಟಳು.

"ಮುಚ್ಚಬ್ಯಾಡ್ರಿ."

"ಹಂಗ ಬಿಡ್ಲಾಕ ಬರ್ತದೇನ್ ಯವ್ವಾ? ಒಂದ್ ಮನಿ ಹೊಕ್ಕ ಕಳ್ಳ ಎರಡೂ ಮನಿ ಬಳ್ಕೊಂಡು ಹೋಗ್ತಾನ."

"ಹೋಗ್ಲಿ ಬಿಡ್ರಿ. ಇನ್ನ ಹೊಲ ಬಿಟ್ಟು ಮನಿ ಕಾಯ್ಕೋತ ಆ ಮನ್ಯಾಗ ಹಗಲೆಲ್ಲ ಒಬ್ಬಾಕಿ ಇರಾಕಿ ನಾನ. ನಾಳಿ ನಾ ಬಿದ್ರ ನೀವು ಯಾ ಕಡಿಯಿಂದ ಬರ್ತೀರಿ, ಅದನ್ನ ಹೇಳ್ರಿ. ಹೇಳಿ ಮುಚ್ರಿ."

ಗೌಂಡಿಯ ಕೈಯಲ್ಲಿ ಇಟ್ಟಂಗಿ ಹಾಗೆಯೇ ಇತ್ತು. ಭಾವನವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಗೌಂಡಿಯ ಕಡೆ ತಿರುಗಿ, ಇಲ್ಲಿ ಬಾಗಿಲಿನ ಚೌಕಟ್ಟು ಕೂರಿಸಲು ಎಷ್ಟು ಎತ್ತರ ಬೇಕಾಗುತ್ತದೆ ಎಂದು ಕೇಳಿದರು.